ಅಭಿಮಾನಿಗಳ ನ್ಯಾಯಾಲಯದಲ್ಲಿ ಸೋತ ಆಟಗಾರ

ವಿಶ್ವಕಪ್ ಫುಟ್ಬಾಲ್ ಬಂತೆಂದರೆ ಮಂಜೇಶ್ವರದಿಂದ ತ್ರಿಕರಿಪುರದವರೆಗೆ ಕಾಸರಗೋಡಿನ ಪೇಟೆ, ಕವಲುದಾರಿಗಳಲ್ಲೆಲ್ಲ ಎರಡು ಬಣ್ಣಗಳ ಆಳ್ವಿಕೆ ಆರಂಭವಾಗುತ್ತದೆ. ಒಂದು ಕಡೆ ಅರ್ಜೆಂಟೀನಾದ ತಿಳಿನೀಲಿ ಮತ್ತು ಬಿಳುಪು, ಇನ್ನೊಂದು ಕಡೆ ಬ್ರೆಜಿಲ್ಲಿನ ಹಳದಿ. ನಡುನಡುವೆ ಪೋರ್ಚುಗಲ್, ಜರ್ಮನಿ, ಇಂಗ್ಲೆಂಡುಗಳಿಗೂ ಒಂದಿಷ್ಟು ಜಾಗ. 2022ರಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನ ಅಭಿಮಾನಿಗಳು ಮೊದಲು ಮೆಸ್ಸಿಯ, ಅದಕ್ಕೆ ಸವಾಲಾಗಿ ನೇಮರ್‌ನ, ಬಳಿಕ ರೊನಾಲ್ಡೊನ ಬೃಹತ್ ಕಟೌಟುಗಳನ್ನು ಊರ ಹೊಳೆಯಲ್ಲಿಯೇ ನಿಲ್ಲಿಸಿದರು. ಆ ಚಿತ್ರ ಫಿಫಾದ ಪುಟದಲ್ಲಿಯೂ ಕಾಣಿಸಿಕೊಂಡಿತು. ಹೊಳೆಯ ಹರಿವಿಗೆ ಅಡ್ಡಿಯಾಗುತ್ತದೆಂದು ವಕೀಲರೊಬ್ಬರು ಪಂಚಾಯತಿಗೆ ದೂರು ಕೊಟ್ಟದ್ದೂ ಉಂಟು.

ಗೆದ್ದ ರಾತ್ರಿ ಪಟಾಕಿ ಸಿಡಿಯುತ್ತದೆ. ಸೋತ ರಾತ್ರಿ ವಿಚಾರಣೆ ನಡೆಯುತ್ತದೆ. ಮರುದಿನ ಬೆಳಗ್ಗೆ ಚಹಾದಂಗಡಿಯ ಬೆಂಚು, ಕ್ಲಬ್ಬಿನ ಜಗಲಿ, ಶಾಲೆಯ ವರಾಂಡ ಎಲ್ಲವೂ ನ್ಯಾಯಾಲಯಗಳಾಗುತ್ತವೆ. ಹತ್ತು ಸಾವಿರ ಮೈಲಿ ಆಚೆ ಆಡಿದವನೊಬ್ಬ ಇಲ್ಲಿ ಆರೋಪಿಯಾಗುತ್ತಾನೆ. ಅವನು ಓಡಲಿಲ್ಲ, ಅವನಿಗೆ ಹಣ ಹೆಚ್ಚಾಗಿದೆ, ಕ್ಲಬ್ಬಿಗಾಗಿ ಆಡುವಂತೆ ದೇಶಕ್ಕಾಗಿ ಆಡುವುದಿಲ್ಲ, ವಯಸ್ಸಾಯಿತು ಎಂದು ಆರೋಪಪಟ್ಟಿ ಬೆಳೆಯುತ್ತ ಹೋಗುತ್ತದೆ. ಈ ವಿಚಾರಣೆಯಲ್ಲಿ ದೂರುದಾರ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಬ್ಬರೇ. ಆರೋಪಿಯ ಪರವಾಗಿ ವಾದಿಸುವವರು ಸಾಮಾನ್ಯವಾಗಿ ಇರುವುದಿಲ್ಲ.

ಆಟದ ಚರ್ಚೆ ತಪ್ಪೇನಲ್ಲ. ಚರ್ಚೆಯಿಲ್ಲದಿದ್ದರೆ ಆಟಕ್ಕೆ ಅರ್ಧ ಸ್ವಾರಸ್ಯವೇ ಇಲ್ಲ. ಆದರೆ ಆ ಚರ್ಚೆಯನ್ನು ಮಕ್ಕಳೂ ಕೇಳಿಸಿಕೊಳ್ಳುತ್ತಿರುತ್ತಾರೆ. ಸೋತವನನ್ನು ಹಿರಿಯರು ಹೇಗೆ ಅಳೆಯುತ್ತಾರೆ ಎಂಬುದನ್ನು ಅವರು ಅಲ್ಲಿಂದಲೇ ಕಲಿಯುತ್ತಾರೆ. ಆದುದರಿಂದ ವಿಶ್ವ ಫುಟ್ಬಾಲಿನ ಕೆಲವು ಪ್ರಸಿದ್ಧ ‘ಮೊಕದ್ದಮೆ’ಗಳ ಕಡತಗಳನ್ನು ಮತ್ತೊಮ್ಮೆ ತೆರೆದು ನೋಡುವುದು ಉಚಿತ.

ಐವತ್ತು ವರ್ಷಗಳ ಶಿಕ್ಷೆ

ಇಂತಹ ಮೊಕದ್ದಮೆಗಳಲ್ಲಿ ಅತ್ಯಂತ ದೀರ್ಘವಾದುದು ಬ್ರೆಜಿಲ್ಲಿನ ಗೋಲ್‌ಕೀಪರ್ ಮೊವಾಸಿರ್ ಬಾರ್ಬೊಸಾನದು. 1950ರ ಜುಲೈ 16ರಂದು ರಿಯೊ ಡಿ ಜನೈರೊದ ಮಾರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ಮತ್ತು ಉರುಗ್ವೆ ಎದುರುಬದುರಾದವು. ಆ ವರ್ಷದ ವಿಶ್ವಕಪ್ಪಿನಲ್ಲಿ ಈಗಿನಂತೆ ಫೈನಲ್ ಇರಲಿಲ್ಲ. ನಾಲ್ಕು ತಂಡಗಳು ಪರಸ್ಪರ ಆಡಿ, ಹೆಚ್ಚು ಅಂಕ ಪಡೆದ ತಂಡ ಕಪ್ ಗೆಲ್ಲುವ ವ್ಯವಸ್ಥೆಯಿತ್ತು. ಸ್ವೀಡನ್ ಅನ್ನು 7-1ರಿಂದ, ಸ್ಪೇನ್ ಅನ್ನು 6-1ರಿಂದ ಸೋಲಿಸಿದ್ದ ಬ್ರೆಜಿಲ್ಲಿಗೆ ಕೊನೆಯ ಪಂದ್ಯ ಡ್ರಾ ಆದರೂ ಸಾಕಿತ್ತು. ಹಣ ಕೊಟ್ಟು ಒಳಗೆ ಬಂದವರೇ 1,73,000ಕ್ಕೂ ಹೆಚ್ಚು. ಒಟ್ಟು ಜನಸಂಖ್ಯೆ ಎರಡು ಲಕ್ಷದ ಆಸುಪಾಸು ಇದ್ದಿತೆಂದು ಅಂದಾಜು. ಪಂದ್ಯಕ್ಕೆ ಮೊದಲೇ ಪತ್ರಿಕೆಯೊಂದು ಬ್ರೆಜಿಲ್ ತಂಡದ ಚಿತ್ರವನ್ನು ವಿಶ್ವವಿಜೇತರೆಂಬ ಶೀರ್ಷಿಕೆಯೊಂದಿಗೆ ಅಚ್ಚು ಹಾಕಿತ್ತು.

ದ್ವಿತೀಯಾರ್ಧದ ಆರಂಭದಲ್ಲಿ ಫ್ರಿಯಾಸಾ ಗೋಲು ಹೊಡೆದು ಬ್ರೆಜಿಲ್ಲಿಗೆ ಮುನ್ನಡೆ ಒದಗಿಸಿದ. 66ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲ ಅಂಚಿನಿಂದ ನುಗ್ಗಿ ಚೆಂಡನ್ನು ನಡುವಿಗೆ ದಾಟಿಸಿದ; ಸ್ಕಿಯಾಫಿನೊ ಗೋಲು ಹೊಡೆದು ಸಮ ಮಾಡಿದ. 79ನೇ ನಿಮಿಷದಲ್ಲಿ ಗಿಗ್ಗಿಯಾ ಅದೇ ದಾರಿಯಲ್ಲಿ ಮತ್ತೆ ಬಂದ. ಮೊದಲಿನಂತೆಯೇ ಚೆಂಡನ್ನು ನಡುವಿಗೆ ದಾಟಿಸಬಹುದೆಂದು ಊಹಿಸಿದ ಬಾರ್ಬೊಸಾ ಕಂಬವನ್ನು ಬಿಟ್ಟು ಒಂದು ಹೆಜ್ಜೆ ಈಚೆ ಸರಿದಿದ್ದ. ಗಿಗ್ಗಿಯಾ ಚೆಂಡನ್ನು ದಾಟಿಸಲಿಲ್ಲ. ಕಂಬಕ್ಕೂ ಗೋಲಿಗೂ ನಡುವೆ ಉಳಿದ ಕಿರಿದಾದ ಸಂದಿಯಲ್ಲಿ ನೇರವಾಗಿ ಒದ್ದ. ಉರುಗ್ವೆ 2, ಬ್ರೆಜಿಲ್ 1. ಮಾರಕಾನಾ ಸ್ತಬ್ಧವಾಯಿತು.

ತೀರ್ಪು ಬರಲು ತಡವಾಗಲಿಲ್ಲ. ಬಾರ್ಬೊಸಾ, ಗಿಗ್ಗಿಯಾನನ್ನು ತಡೆಯಬೇಕಾಗಿದ್ದ ಬಿಗೋಡ್, ಡಿಫೆಂಡರ್ ಜುವೆನಾಲ್ ಇವರ ಮೇಲೆ ದೇಶದ ದುಃಖವೆಲ್ಲ ಬಿತ್ತು. ಮೂವರೂ ಕಪ್ಪು ವರ್ಣದವರು ಎಂಬುದನ್ನು ಇತಿಹಾಸಕಾರರು ಮರೆಯದೆ ಗುರುತಿಸಿದ್ದಾರೆ. ಹಿಂದಿನ ಎರಡು ಪಂದ್ಯಗಳಲ್ಲಿ 13 ಗೋಲು ಹೊಡೆದಿದ್ದ ಮುಂಚೂಣಿಯ ಆಟಗಾರರು ಈ ಪಂದ್ಯದಲ್ಲಿ ಒಂದನ್ನಷ್ಟೇ ಹೊಡೆದರು ಎಂಬ ಸಾಕ್ಷ್ಯ ಯಾರ ಗಮನಕ್ಕೂ ಬರಲಿಲ್ಲ. ಆ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದ ಅಡೆಮಿರ್ ಅಂದು ಒಂದೂ ಗೋಲು ಹೊಡೆಯಲಿಲ್ಲ ಎಂಬುದೂ ಕಡತ ಸೇರಲಿಲ್ಲ. 1949ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್‌ಷಿಪ್ ಗೆದ್ದ ತಂಡದ ಗೋಲಿ ಇದೇ ಬಾರ್ಬೊಸಾ ಎಂಬುದೂ ಮರೆತುಹೋಯಿತು.

ವರ್ಷಗಳ ಬಳಿಕ ಅಂಗಡಿಯೊಂದರಲ್ಲಿ ತಾಯಿಯೊಬ್ಬಳು ತನ್ನ ಮಗುವಿಗೆ ತನ್ನನ್ನು ತೋರಿಸಿ, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ ಎಂದಳೆಂದು ಬಾರ್ಬೊಸಾ ನೋವಿನಿಂದ ಹೇಳಿಕೊಂಡಿದ್ದ. 1993ರಲ್ಲಿ ರಾಷ್ಟ್ರೀಯ ತಂಡದ ತರಬೇತಿ ಶಿಬಿರಕ್ಕೆ ಹೋದಾಗ, ಅಪಶಕುನವೆಂಬಂತೆ ಅವನನ್ನು ದೂರವಿಟ್ಟರೆಂದು ವರದಿಯಾಯಿತು. ಆಗ ಬ್ರೆಜಿಲ್ಲಿನ ಕಾನೂನಿನಲ್ಲಿ ಗರಿಷ್ಠ ಸೆರೆವಾಸ 30 ವರ್ಷವಾಗಿತ್ತು. ತಾನು ಮಾತ್ರ 50 ವರ್ಷಗಳಿಂದ ಶಿಕ್ಷೆ ಅನುಭವಿಸುತ್ತಿದ್ದೇನೆ ಎಂಬರ್ಥದ ಮಾತನ್ನು ಅವನು ಕೊನೆಯ ದಿನಗಳಲ್ಲಿ ಆಡಿದ. 2000ದ ಏಪ್ರಿಲ್ 7ರಂದು, 79ನೇ ವಯಸ್ಸಿನಲ್ಲಿ ತೀರಿಕೊಂಡ. ಮೇಲ್ಮನವಿಗೆ ಅವಕಾಶವಿಲ್ಲದ ತೀರ್ಪು ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಈ ಕಥೆಗೆ ಗಡಿನಾಡಿನವರಿಗೆ ಹತ್ತಿರವೆನಿಸುವ ಒಂದು ಅನುಬಂಧವಿದೆ. ಸೋತ ದಿನ ಬ್ರೆಜಿಲ್ ಧರಿಸಿದ್ದು ಬಿಳಿಯ ಅಂಗಿ. ಆ ಅಂಗಿಯೂ ಅಪರಾಧಿಯೆನಿಸಿತು. 1953ರಲ್ಲಿ ಪತ್ರಿಕೆಯೊಂದು ಹೊಸ ಉಡುಪಿಗಾಗಿ ಸ್ಪರ್ಧೆ ಏರ್ಪಡಿಸಿದಾಗ ಗೆದ್ದವನು ಆಲ್ದಿರ್ ಶ್ಲೀ ಎಂಬ ಹತ್ತೊಂಬತ್ತರ ತರುಣ. ಇಂದು ಜಗತ್ತೆಲ್ಲ ಗುರುತಿಸುವ ಹಳದಿ ಅಂಗಿ ಅವನ ಕಲ್ಪನೆ. ಅವನು ಹುಟ್ಟಿದ ಜಾಗ್ವಾರಾವ್ ಪಟ್ಟಣ ಉರುಗ್ವೆಯ ಗಡಿಯಲ್ಲಿದೆ. ಎರಡು ಭಾಷೆಗಳ ನಡುವೆ ಬೆಳೆದು, ಮುಂದೆ ಲೇಖಕನಾಗಿ ಗಡಿಯ ಬದುಕನ್ನೇ ಬರೆದ ಆತ ಮನಸ್ಸಿನಲ್ಲಿ ಉರುಗ್ವೆ ತಂಡದ ಅಭಿಮಾನಿಯಾಗಿದ್ದ! ಗಡಿಯಲ್ಲಿ ಬದುಕುವವರಿಗೆ ಎದುರು ಪಕ್ಷದ ಮಾತೂ ಕೇಳಿಸುತ್ತದೆ ಎಂಬುದಕ್ಕೆ ಆ ಹಳದಿ ಅಂಗಿಯೇ ಸಾಕ್ಷಿ.

ಒಂದು ಒದೆತ, ಅರ್ಧ ಸತ್ಯ

ಎರಡನೆಯ ಕಡತ ಇಟಲಿಯ ರೊಬೆರ್ಟೊ ಬಾಜ್ಜೊನದು. 1994ರ ಜುಲೈ 17ರಂದು ಅಮೆರಿಕದ ಪಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ ಬ್ರೆಜಿಲ್ ಮತ್ತು ಇಟಲಿ ನಡುವಿನ ಫೈನಲ್ ಗೋಲಿಲ್ಲದೆ ಮುಗಿದು ಪೆನಾಲ್ಟಿಗೆ ಹೋಯಿತು. ಬಾಜ್ಜೊ ಒದ್ದ ಚೆಂಡು ಅಡ್ಡಕಂಬದ ಮೇಲಿನಿಂದ ಹಾರಿಹೋಯಿತು. ತಲೆ ತಗ್ಗಿಸಿ ನಿಂತ ಅವನ ಚಿತ್ರ ಲೋಕವಿಖ್ಯಾತವಾಯಿತು. ಬಾಜ್ಜೊ ಇಟಲಿಯನ್ನು ಸೋಲಿಸಿದ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ.

ದಾಖಲೆ ಬೇರೆಯದನ್ನೇ ಹೇಳುತ್ತದೆ. ಅವನಿಗಿಂತ ಮೊದಲು ನಾಯಕ ಬರೇಸಿ ಚೆಂಡನ್ನು ಹೊರಗೆ ಒದ್ದಿದ್ದ. ಮಸ್ಸಾರೊನ ಒದೆತವನ್ನು ಬ್ರೆಜಿಲ್ಲಿನ ಗೋಲಿ ತಡೆದಿದ್ದ. ಬಾಜ್ಜೊ ಚೆಂಡಿನ ಮುಂದೆ ನಿಂತಾಗ ಬ್ರೆಜಿಲ್ 3-2ರಿಂದ ಮುಂದಿತ್ತು, ಅದಕ್ಕೆ ಇನ್ನೂ ಒಂದು ಒದೆತ ಬಾಕಿಯಿತ್ತು. ಎಂದರೆ ಬಾಜ್ಜೊ ಗೋಲು ಹೊಡೆದಿದ್ದರೂ ಇಟಲಿ ಗೆದ್ದಂತಾಗುತ್ತಿರಲಿಲ್ಲ. 3-3 ಆಗುತ್ತಿತ್ತು, ಅಷ್ಟೆ. ಮುಂದಿನ ಬ್ರೆಜಿಲ್ ಆಟಗಾರ ಗೋಲು ಹೊಡೆದಿದ್ದರೆ ಫಲಿತಾಂಶ ಅದೇ ಆಗಿರುತ್ತಿತ್ತು.

ಇನ್ನೊಂದು ಸಾಕ್ಷ್ಯ ಇದಕ್ಕಿಂತಲೂ ಪ್ರಬಲವಾದುದು. ನಾಕೌಟ್ ಹಂತದಲ್ಲಿ ಫೈನಲಿಗೆ ಬರುವ ಮೊದಲು ಇಟಲಿ ಹೊಡೆದದ್ದು ಒಟ್ಟು ಆರು ಗೋಲು. ಅವುಗಳಲ್ಲಿ ಐದು ಬಾಜ್ಜೊನವೇ. ನೈಜೀರಿಯಾದ ಎದುರು ಸೋಲು ಖಚಿತವೆನಿಸಿದ್ದಾಗ ಕೊನೆಯ ನಿಮಿಷಗಳಲ್ಲಿ ಸಮ ಮಾಡಿದವನು, ಬಳಿಕ ಹೆಚ್ಚುವರಿ ಅವಧಿಯಲ್ಲಿ ಗೆಲ್ಲಿಸಿದವನು ಅವನು. ಸ್ಪೇನ್ ವಿರುದ್ಧ ಗೆಲುವಿನ ಗೋಲು, ಬಲ್ಗೇರಿಯಾ ವಿರುದ್ಧ ಎರಡೂ ಗೋಲು ಅವನದೇ. ತೊಡೆಯ ಸ್ನಾಯುನೋವನ್ನು ಹೊತ್ತುಕೊಂಡೇ ಅವನು ಫೈನಲ್ ಆಡಿದ್ದ. ಇಟಲಿಯನ್ನು ಫೈನಲಿಗೆ ಕರೆತಂದವನೇ ಫೈನಲಿನ ಅಪರಾಧಿಯಾದ. ಕಣ್ಣಿಗೆ ಕಂಡ ಕೊನೆಯ ದೃಶ್ಯವನ್ನೇ ಕಾರಣವೆಂದು ಭಾವಿಸುವುದು ಅಭಿಮಾನಿಗಳ ನ್ಯಾಯಾಲಯದ ಮೊದಲ ದೋಷ.

ಮೈದಾನದಲ್ಲಿ ಕಾಣದ ಸಂಗತಿ

ಎರಡನೆಯ ದೋಷ, ಗೊತ್ತಿಲ್ಲದ ಸಂಗತಿಯನ್ನು ಊಹೆಯಿಂದ ತುಂಬಿಸಿಕೊಳ್ಳುವುದು. 1998ರ ಜುಲೈ 12ರಂದು ಫ್ರಾನ್ಸಿನ ಎದುರು ನಡೆದ ಫೈನಲಿನಲ್ಲಿ ಬ್ರೆಜಿಲ್ಲಿನ ರೊನಾಲ್ಡೊ ನೆರಳಿನಂತೆ ಓಡಾಡಿದ. ಬ್ರೆಜಿಲ್ 3-0ರಿಂದ ಸೋತಿತು. ಅಷ್ಟು ದೊಡ್ಡ ಆಟಗಾರ ಯಾಕೆ ಹೀಗಾಡಿದ ಎಂದು ಜಗತ್ತೇ ಜರೆಯಿತು. ಆ ಮಧ್ಯಾಹ್ನ ಹೋಟೆಲಿನಲ್ಲಿ ಅವನು ಸೆಳವು ಬಂದು ಅಸ್ವಸ್ಥನಾಗಿದ್ದ, ಆಸ್ಪತ್ರೆಯಲ್ಲಿ ಪರೀಕ್ಷೆ ನಡೆದಿತ್ತು, ಮೊದಲು ಪ್ರಕಟವಾದ ತಂಡದ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ ಎಂಬ ಸಂಗತಿಗಳು ಆಮೇಲೆ ಹೊರಬಂದವು. ಬ್ರೆಜಿಲ್ಲಿನ ಸಂಸತ್ತಿನ ಸಮಿತಿಯೇ ತನಿಖೆ ನಡೆಸಿ ರೊನಾಲ್ಡೊನ ಹೇಳಿಕೆ ಪಡೆಯಿತು. ಆಗ ಅವನಿಗೆ 21 ವರ್ಷ. ಆಡಿಸಿದವರ ಹೊಣೆಯೆಷ್ಟು, ಆಡಿದವನ ಹೊಣೆಯೆಷ್ಟು ಎಂಬ ಪ್ರಶ್ನೆ ಅಂದು ರಾತ್ರಿ ಟಿ.ವಿ. ಮುಂದೆ ಕುಳಿತವರಿಗೆ ಹೊಳೆಯುವಂತಿರಲಿಲ್ಲ.

ನಾಲ್ಕು ವರ್ಷಗಳ ಬಳಿಕ, 2002ರಲ್ಲಿ, ಅದೇ ರೊನಾಲ್ಡೊ ಎಂಟು ಗೋಲು ಹೊಡೆದು ಬ್ರೆಜಿಲ್ಲಿಗೆ ಕಪ್ ತಂದುಕೊಟ್ಟ. ಯೊಕೊಹಾಮಾದ ಫೈನಲಿನಲ್ಲಿ ಅವನ ಮೊದಲ ಗೋಲು ಬಂದುದು ಜರ್ಮನಿಯ ಗೋಲಿ ಒಲಿವರ್ ಕಾನ್‌ನ ಕೈಯಿಂದ ಚೆಂಡು ಜಾರಿದಾಗ. ಅದುವರೆಗೆ ಇಡೀ ಟೂರ್ನಿಯಲ್ಲಿ ಕಾನ್ ಬಿಟ್ಟುಕೊಟ್ಟದ್ದು ಒಂದೇ ಗೋಲು. ಟೂರ್ನಿಯ ಶ್ರೇಷ್ಠ ಆಟಗಾರನ ಗೋಲ್ಡನ್ ಬಾಲ್ ಪ್ರಶಸ್ತಿಯೂ ಅವನದೇ. ಬೆರಳಿಗೆ ಪೆಟ್ಟಾಗಿದ್ದರೂ ಅದನ್ನು ನೆಪವಾಗಿ ಮುಂದಿಡಲು ಅವನು ಒಪ್ಪಲಿಲ್ಲ. ಒಂದೇ ಪಂದ್ಯದಲ್ಲಿ ಒಬ್ಬನ ಹಳೆಯ ಕಳಂಕ ತೊಳೆದುಹೋಯಿತು, ಇನ್ನೊಬ್ಬನಿಗೆ ಹೊಸ ಕಳಂಕ ಅಂಟಿತು. ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ಲೋಕದ ಅತ್ಯುತ್ತಮರೇ.

ಮಾತು ಗುಂಡಾದಾಗ

ಅಭಿಮಾನಿಗಳ ತೀರ್ಪು ಮಾತಿನಲ್ಲಿಯೇ ನಿಲ್ಲುತ್ತದೆ ಎನ್ನುವಂತಿಲ್ಲ. ಬಾಜ್ಜೊ ಎಡವಿದ ಅದೇ ರೋಸ್ ಬೌಲ್ ಮೈದಾನದಲ್ಲಿ, ಅದೇ 1994ರ ಜೂನ್ 22ರಂದು, ಕೊಲಂಬಿಯಾದ ಡಿಫೆಂಡರ್ ಆಂದ್ರೆಸ್ ಎಸ್ಕೋಬಾರ್ ಎದುರಾಳಿಗಳ ಪಾಸನ್ನು ತಡೆಯಲು ಜಾರಿ ಕಾಲು ಚಾಚಿದ. ಚೆಂಡು ತನ್ನದೇ ಗೋಲುಪೆಟ್ಟಿಗೆಗೆ ಸೇರಿತು. ಅಮೆರಿಕ 2-1ರಿಂದ ಗೆದ್ದಿತು. ಹಿಂದಿನ ವರ್ಷವಷ್ಟೇ ಬ್ಯೂನಸ್ ಐರಿಸ್‌ನಲ್ಲಿ ಅರ್ಜೆಂಟೀನಾವನ್ನು 5-0ರಿಂದ ಮಣಿಸಿದ್ದ ಕೊಲಂಬಿಯಾ ಗುಂಪಿನ ಹಂತದಲ್ಲಿಯೇ ಹೊರಬಿತ್ತು. ರುಮೇನಿಯಾದ ಎದುರು ಮೊದಲ ಪಂದ್ಯವನ್ನೇ 3-1ರಿಂದ ಸೋತದ್ದೂ ಅದಕ್ಕೆ ಕಾರಣವಾಗಿತ್ತು.

ಬದುಕು ಇಲ್ಲಿಗೆ ಮುಗಿಯುವುದಿಲ್ಲ ಎಂಬ ಆಶಯದ ಲೇಖನವೊಂದನ್ನು ಎಸ್ಕೋಬಾರ್ ಪತ್ರಿಕೆಗೆ ಬರೆದ. ಊರಿಗೆ ಮರಳಿದವನನ್ನು ಜುಲೈ 2ರಂದು ಮೆಡೆಯಿನ್ ನಗರದಲ್ಲಿ ಗುಂಡಿಟ್ಟು ಕೊಂದರು. ಅವನಿಗೆ 27 ವರ್ಷ. ಬೆಟ್ಟಿಂಗಿನಲ್ಲಿ ಹಣ ಕಳೆದುಕೊಂಡವರ ಕೈವಾಡವಿತ್ತೆಂಬ ಮಾತು ಇಂದಿಗೂ ಇದೆ. ಕೊಂದವನಿಗೆ ನ್ಯಾಯಾಲಯ 43 ವರ್ಷಗಳ ಶಿಕ್ಷೆ ವಿಧಿಸಿತು. ಅದು ಕಡಿತಗೊಂಡು 2005ರಲ್ಲಿ ಅವನು ಬಿಡುಗಡೆಯಾದ. ಕೊಲೆ ಮಾಡಿದವನು ಹನ್ನೊಂದು ವರ್ಷಗಳಲ್ಲಿ ಹೊರಬಂದ. ಚೆಂಡು ತಡೆಯಲಾಗದ ಬಾರ್ಬೊಸಾ ಐವತ್ತು ವರ್ಷ ಒಳಗೇ ಇದ್ದ. ಕಾನೂನಿನ ನ್ಯಾಯಾಲಯ ಶಿಕ್ಷೆಗೆ ಒಂದು ಮಿತಿ ಹಾಕುತ್ತದೆ. ಜನರ ನಾಲಗೆಗೆ ಅಂತಹ ಮಿತಿಯಿಲ್ಲ.

ಮೆಸ್ಸಿಯ ಮೇಲ್ಮನವಿ

ಮಲಬಾರಿನ ಅಭಿಮಾನಿಗಳು ತಾವೇ ಕಣ್ಣಾರೆ ಕಂಡ ಮೊಕದ್ದಮೆ ಮೆಸ್ಸಿಯದು. 2014ರ ವಿಶ್ವಕಪ್ ಫೈನಲಿನಲ್ಲಿ ಜರ್ಮನಿಯ ಎದುರು ಸೋಲು. 2015ರ ಕೋಪಾ ಅಮೆರಿಕ ಫೈನಲಿನಲ್ಲಿ ಚಿಲಿಯ ಎದುರು ಸೋಲು. 2016ರಲ್ಲಿ ಮತ್ತೆ ಚಿಲಿಯ ಎದುರೇ ಪೆನಾಲ್ಟಿಯಲ್ಲಿ ಸೋಲು. ಅಲ್ಲಿ ಮೆಸ್ಸಿ ಒದ್ದ ಚೆಂಡು ಹೊರಗೆ ಹೋಯಿತು. ರಾಷ್ಟ್ರೀಯ ತಂಡಕ್ಕೆ ವಿದಾಯವೆಂದು ಅವನು ಸಾರಿದ. ಬಾರ್ಸಿಲೋನಾಕ್ಕಾಗಿ ಆಡುವವನು ದೇಶಕ್ಕಾಗಿ ಆಡುವುದಿಲ್ಲ ಎಂಬ ಆರೋಪ ಅರ್ಜೆಂಟೀನಾದಲ್ಲಿಯೂ ಇತ್ತು, ಇಲ್ಲಿನ ಬ್ರೆಜಿಲ್ ಅಭಿಮಾನಿಗಳ ಬಾಯಲ್ಲಿಯೂ ಇತ್ತು. ಅವನು ಮರಳಿ ಬಂದ ಮೇಲೂ 2018ರಲ್ಲಿ ಐಸ್‌ಲ್ಯಾಂಡ್ ಎದುರು ಪೆನಾಲ್ಟಿ ತಪ್ಪಿತು. ಕ್ರೊಯೇಷಿಯಾ ಎದುರು 3-0 ಸೋಲಾಯಿತು.

2021ರಲ್ಲಿ ಅದೇ ಮಾರಕಾನಾದಲ್ಲಿ ಬ್ರೆಜಿಲನ್ನು ಮಣಿಸಿ ಅರ್ಜೆಂಟೀನಾ ಕೋಪಾ ಗೆದ್ದಿತು. 2022ರ ವಿಶ್ವಕಪ್ಪಿನ ಮೊದಲ ಪಂದ್ಯದಲ್ಲಿ ಸೌದಿ ಅರೇಬಿಯಾ 2-1ರಿಂದ ಸೋಲಿಸಿದಾಗ ಹಳೆಯ ಆರೋಪಪಟ್ಟಿಗಳು ಮತ್ತೆ ಹೊರಬಂದವು. ಡಿಸೆಂಬರ್ 18ರ ರಾತ್ರಿ ಅವೆಲ್ಲವೂ ವಜಾ ಆದವು. ಏಳು ಗೋಲು, ಗೋಲ್ಡನ್ ಬಾಲ್, ಕೈಯಲ್ಲಿ ಕಪ್. ಗೆದ್ದ ಬಳಿಕ ಅರ್ಜೆಂಟೀನಾದ ಫುಟ್ಬಾಲ್ ಸಂಸ್ಥೆ ಕೇರಳದ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿತು. ಗಮನಿಸಬೇಕಾದ ಅಂಶ ಇನ್ನೊಂದಿದೆ. ಅದೇ ಟೂರ್ನಿಯಲ್ಲಿ ಪೋಲೆಂಡ್ ಎದುರು ಮೆಸ್ಸಿಯ ಪೆನಾಲ್ಟಿಯೊಂದು ತಡೆಯಲ್ಪಟ್ಟಿತ್ತು. ಅಂದು ತಂಡ ಗೆದ್ದುದರಿಂದ ಅದು ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ. ಕೃತ್ಯ ಒಂದೇ, ಫಲಿತಾಂಶ ಬದಲಾದಾಗ ಒಮ್ಮೆ ಅದು ಅಪರಾಧ, ಒಮ್ಮೆ ಏನೂ ಅಲ್ಲ.

ಹೊಣೆ ಹೊತ್ತ ತರಬೇತುದಾರ

ಚರ್ಚೆಯ ದಾರಿ ಬೇರೆಯಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ನಿದರ್ಶನವಿದೆ. 2021ರ ಜುಲೈ 11ರಂದು ಯುರೋ ಫೈನಲಿನಲ್ಲಿ ಇಟಲಿಯ ಎದುರು ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರೂ ಪೆನಾಲ್ಟಿಯಲ್ಲಿ ವಿಫಲರಾದರು. ಕೊನೆಯ ಒದೆತ 19 ವರ್ಷದ ಬುಕಾಯೊ ಸಾಕಾನದು. ಆ ರಾತ್ರಿಯೇ ಮೂವರ ಮೇಲೂ ವರ್ಣದ್ವೇಷದ ಬೈಗುಳ ಸುರಿಯಿತು. ಪೊಲೀಸರು ಹಲವರನ್ನು ಬಂಧಿಸಬೇಕಾಯಿತು. ಬಾರ್ಬೊಸಾನ ಕಥೆ ಮರುಕಳಿಸುವ ಎಲ್ಲ ಲಕ್ಷಣಗಳೂ ಇದ್ದವು.

ಮರುಕಳಿಸಲಿಲ್ಲ. ಯಾರು ಒದೆಯಬೇಕೆಂದು ನಿರ್ಧರಿಸಿದವನು ತಾನು, ಹೊಣೆಯೂ ತನ್ನದೇ ಎಂದು ತರಬೇತುದಾರ ಗ್ಯಾರೆತ್ ಸೌತ್‌ಗೇಟ್ ಸ್ಪಷ್ಟವಾಗಿ ಹೇಳಿದ. 1996ರ ಯುರೋ ಸೆಮಿಫೈನಲಿನಲ್ಲಿ ಜರ್ಮನಿಯ ಎದುರು ಪೆನಾಲ್ಟಿ ತಪ್ಪಿಸಿಕೊಂಡಿದ್ದ ಅವನಿಗೆ ಆ ಭಾರ ಏನೆಂದು ಗೊತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ರ‍್ಯಾಶ್‌ಫರ್ಡ್‌ನ ಗೋಡೆಚಿತ್ರವನ್ನು ಯಾರೋ ವಿರೂಪಗೊಳಿಸಿದಾಗ, ಮಕ್ಕಳೂ ಹಿರಿಯರೂ ಪ್ರೀತಿಯ ಚೀಟಿಗಳನ್ನು ಅಂಟಿಸಿ ಆ ಗೋಡೆಯನ್ನೇ ತುಂಬಿಸಿದರು. ಸಾಕಾನಿಗೆ ಬಂದ ಪತ್ರಗಳನ್ನು ಅವನ ಕ್ಲಬ್ ಆರ್ಸೆನಲ್ ಒಂದು ಗೋಡೆಯ ಮೇಲೆ ಹಚ್ಚಿ ತೋರಿಸಿತು. ಬದ್ಧ ಎದುರಾಳಿಗಳಾದ ಟಾಟನ್‌ಹ್ಯಾಮ್ ಅಭಿಮಾನಿಗಳು ಸಹ ಅವನು ಮೈದಾನಕ್ಕಿಳಿದಾಗ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ವಿಶ್ವಕಪ್ಪಿನಲ್ಲಿ ಇರಾನ್ ಎದುರು ಸಾಕಾ ಎರಡು ಗೋಲು ಹೊಡೆದ. 2024ರ ಯುರೋ ಕ್ವಾರ್ಟರ್‌ಫೈನಲಿನಲ್ಲಿ ಸ್ವಿಟ್ಜರ್ಲೆಂಡ್ ಎದುರು ಸಮಗೊಳಿಸುವ ಗೋಲು ಹೊಡೆದವನೂ ಅವನೇ. ಪಂದ್ಯ ಪೆನಾಲ್ಟಿಗೆ ಹೋದಾಗ ಅವನು ಮತ್ತೆ ಚೆಂಡಿನ ಮುಂದೆ ನಿಂತ. ಈ ಬಾರಿ ಚೆಂಡು ಬಲೆ ಸೇರಿತು. ಮಾರಕಾನಾದ ಗೋಲಿಗೆ ಸಿಗದ ಎರಡನೆಯ ಅವಕಾಶ ಈ ಹುಡುಗನಿಗೆ ಸಿಕ್ಕಿತು.

ನಾಲ್ಕು ಪ್ರಶ್ನೆಗಳು

ಎದುರು ಪಕ್ಷದ ವಾದ ಕೇಳದೆ ತೀರ್ಪು ನೀಡಬಾರದು ಎಂಬುದು ನ್ಯಾಯಶಾಸ್ತ್ರದ ಮೊದಲ ಪಾಠ. ಒಂದೇ ಅಪರಾಧಕ್ಕಾಗಿ ಎರಡು ಬಾರಿ ಶಿಕ್ಷಿಸಬಾರದು ಎಂದು ಭಾರತದ ಸಂವಿಧಾನದ 20ನೇ ಅನುಚ್ಛೇದವೂ ಹೇಳುತ್ತದೆ. ಫುಟ್ಬಾಲ್ ಚರ್ಚೆಗೆ ಕಾನೂನು ಪುಸ್ತಕದ ಅಗತ್ಯವಿಲ್ಲ. ನಾಲ್ಕು ಪ್ರಶ್ನೆಗಳು ಸಾಕು. ಆ ಆಟಗಾರನಿಗೆ ವಹಿಸಿದ್ದ ಕೆಲಸ ಯಾವುದು? ಅವನಿಗೆ ಚೆಂಡು ತಲುಪಿಸಬೇಕಾದವರು ತಲುಪಿಸಿದರೇ? ಅವನ ದೇಹಸ್ಥಿತಿ ಹೇಗಿತ್ತು? ಈ ಪಂದ್ಯದವರೆಗೆ ತಂಡವನ್ನು ತಂದವರು ಯಾರು? ಇವನ್ನು ಕೇಳಿದ ಮೇಲೂ ಅವನು ಚೆನ್ನಾಗಿ ಆಡಲಿಲ್ಲವೆಂದು ತೋರಿದರೆ ಹಾಗೆಂದು ಹೇಳುವುದರಲ್ಲಿ ತಪ್ಪಿಲ್ಲ. ಅದು ಟೀಕೆ. ಅವನ ಬಣ್ಣ, ಕುಟುಂಬ, ದೇಶಪ್ರೇಮಗಳನ್ನು ಎಳೆದು ತಂದರೆ ಅದು ಟೀಕೆಯಲ್ಲ, ದಂಡನೆ.

ಕೇರಳದ ಪೇಟೆಗಳಲ್ಲಿ ಮೆಸ್ಸಿ, ನೇಮರ್‌ಗಳ ಫ್ಲೆಕ್ಸ್ ಕಟ್ಟುವ ಅದೇ ಕಂಬಗಳಿಗೆ, ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ, ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದ ಮಕ್ಕಳ ಚಿತ್ರಗಳನ್ನು ಕಟ್ಟುತ್ತಾರೆ. ಅದು ಸಂತೋಷದ ವಿಷಯವೇ. ಆದರೆ ಒಂದು ವಿಷಯದಲ್ಲಿ ಹಿಂದೆಬಿದ್ದ ಹುಡುಗನೂ ಅದೇ ದಾರಿಯಲ್ಲಿ ಶಾಲೆಗೆ ನಡೆಯುತ್ತಾನೆ. ಮನೆಯಲ್ಲಿ ಟಿ.ವಿ. ಮುಂದೆ, ಪೆನಾಲ್ಟಿ ತಪ್ಪಿದವನ ಬಗ್ಗೆ ಅಪ್ಪ, ಮಾವ, ಅಣ್ಣಂದಿರು ಆಡಿದ ಮಾತನ್ನು ಅವನು ಕೇಳಿಸಿಕೊಂಡಿರುತ್ತಾನೆ. ಕನ್ನಡ ಶಾಲೆಯಲ್ಲಿ ಓದಿದ್ದರಿಂದಲೇ ಹೀಗಾಯಿತು ಎಂಬ ಅವಸರದ ತೀರ್ಪನ್ನು ಗಡಿನಾಡಿನ ಮನೆಗಳು ಎಷ್ಟೋ ಬಾರಿ ಕೇಳಿವೆ. ಅದೂ ಸಾಕ್ಷ್ಯ ನೋಡದ ತೀರ್ಪೇ. ಬಾಜ್ಜೊ ತಪ್ಪಿಸಿಕೊಂಡ ಒಂದು ಒದೆತದ ಜೊತೆಗೆ ಅವನು ಹೊಡೆದ ಐದು ಗೋಲುಗಳನ್ನೂ ಎಣಿಸುವ ಮನೆಯಲ್ಲಿ, ಮಗು ತನ್ನ ಕಡಿಮೆ ಅಂಕದ ಉತ್ತರಪತ್ರಿಕೆಯನ್ನು ಬಚ್ಚಿಡದೆ ಮೇಜಿನ ಮೇಲೆ ಇಡುತ್ತದೆ.